ಭರಮಪ್ಪ ನಾಚಿಕೆ ಬಿಟ್ಟ ಮಧ್ಯಾಹ್ನ

ಬೆಳಗಾವಿ,
ಫೆಬ್ರವರಿ 30, 2179

ಲೇತ್ ಮಷೀನಿನ ಮುಂದೆ ನಿಂತು ದುಡಿಯುತ್ತಿರುವ ಹಿರಿಯರಿಗೆ ನಮಸ್ಕಾರ.

ತಾರೀಖು ತಪ್ಪಿಲ್ಲ, ನಮ್ಮಲ್ಲೀಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಇಲ್ಲಿನ ಕಾರ್ಖಾನೆಯೊಂದರಲ್ಲಿ ತೊಗಲುಗನ್ನಡಿ ನೋಡಿಕೊಳ್ಳುವವಳು. ಆರು ತಿಂಗಳಿಗೊಮ್ಮೆ ಕೆಲಸಗಾರರು ಅದರ ಮುಂದೆ ಒಬ್ಬೊಬ್ಬರೇ ನಿಲ್ಲುತ್ತಾರೆ; ಮೈಮೇಲಿನ ಸಾಸಿವೆಯಷ್ಟು ಗಂಟನ್ನೂ ಅದು ತೋರಿಸುತ್ತದೆ. ನಮ್ಮ ಯಂತ್ರಗಳು ಗಾಜಿನ ಗೂಡಿನೊಳಗೆ ತಿರುಗುತ್ತವೆ, ಎಣ್ಣೆ ಯಾರ ಮೇಲೂ ಸಿಡಿಯುವುದಿಲ್ಲ. ಆದರೆ ನಾಚಿಕೆ ಇನ್ನೂ ಹೋಗಿಲ್ಲ; ಈ ವಾರ ಇಬ್ಬರು ಏನೋ ನೆಪ ಹೇಳಿ ಕನ್ನಡಿಯಿಂದ ತಪ್ಪಿಸಿಕೊಂಡರು. ಸಂಜೆ ಅವರ ಮನೆಗೆ ಹೋಗುವವಳಿದ್ದೇನೆ. ಅಲ್ಲಿಯವರೆಗೆ ಕುಳಿತಲ್ಲಿ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಕಾಲದಲ್ಲಿ ಇದೇ ಊರಿನಲ್ಲಿ ಭರಮಪ್ಪ ಹುದ್ದಾರ ಎಂಬವರಿದ್ದರು. ಇಪ್ಪತ್ತಾರು ವರ್ಷ ಲೇತ್ ಓಡಿಸಿದವರು. ಕಬ್ಬಿಣ ಕೊರೆಯುವಾಗ ಸುರಿಯುವ ಅಗ್ಗದ ಎಣ್ಣೆ ಸಿಡಿದು ಅವರ ಪ್ಯಾಂಟು ತೊಯ್ಯುತ್ತಿತ್ತು. ಕೈ ಒರೆಸಿದ ಬಟ್ಟೆ ಜೇಬಿನಲ್ಲೇ ಇರುತ್ತಿತ್ತು. ವಾರವಿಡೀ ಅದೇ ಪ್ಯಾಂಟು. ವೃಷಣದ ಚೀಲದ ಮೇಲೆ ಒಂದು ಗಂಟು ಎದ್ದಾಗ ಅವರು ಯಾರಿಗೂ ಹೇಳದೆ ಅರಿಸಿನ ಹಚ್ಚಿಕೊಂಡು ಒಂದು ವರ್ಷ ತಳ್ಳಿದರು. ಅದು ಹುಣ್ಣಾಯಿತು. ಒಗೆಯುವ ಬಟ್ಟೆಯಲ್ಲಿ ರಕ್ತದ ಕಲೆ ಕಂಡ ಹೆಂಡತಿ ಸಾತವ್ವ ಕೇಳಿದರು:

"ಇದೇನ್ರೀ? ಎಷ್ಟ ದಿನದಿಂದ ಐತಿ?"

"ಸಣ್ಣ ಗುಳ್ಳಿ. ಅಂಥಾ ಜಾಗಾ ಯಾರ ಮುಂದ ಹೆಂಗ ತೋರಸ್ಲಿ?"

"ನೀವು ಬರಲಿಲ್ಲಂದ್ರ ನಾನ ಹೋಗಿ ಡಾಕ್ಟರಿಗೆ ಹೇಳ್ತೀನಿ."

ವೈದ್ಯೆ ಮೊದಲು ಕೇಳಿದ್ದು, ಕೆಲಸ ಯಾವುದೆಂದು. ಅಂಥ ಎಣ್ಣೆ ವರ್ಷಗಟ್ಟಲೆ ಮೈಗೆ ತಾಗಿದರೆ ಚರ್ಮದ ಕ್ಯಾನ್ಸರ್ ಬರಬಹುದು ಎಂದರು. ಬೇನೆ ಆಗಲೇ ತೊಡೆಸಂದಿಗೆ ಹಬ್ಬಿತ್ತು.

ಆಪರೇಷನ್ ಆದ ಎರಡು ತಿಂಗಳಿಗೆ ಭರಮಪ್ಪ ಕೋಲು ಊರಿಕೊಂಡು ಕಾರ್ಖಾನೆಗೆ ಬಂದರು. ಎಲ್ಲರೂ ಊಟಕ್ಕೆ ಕುಳಿತಿದ್ದರು. ತನಗೆ ಏನಾಯಿತು, ಎಲ್ಲಿ ಆಯಿತು ಎಂಬುದನ್ನು ನಿಂತೇ ಹೇಳಿದರು. ಒಬ್ಬಿಬ್ಬರು ನಕ್ಕರು.

"ನಗ್ರಿ. ಆದ್ರ ಮನಿಗೆ ಹೋಗಿ ಒಮ್ಮೆ ನೋಡ್ಕೋರಿ. ನಾಚಿಕೊಂಡು ಒಂದ ವರ್ಷ ಕುಂತೆ. ಆ ಒಂದ ವರ್ಷಾನ ನನ್ನ ಕೊಲ್ಲಾಕತ್ತೈತಿ."

ಪಾರಿಸ ಎಂಬ ಕೆಲಸಗಾರ ಊಟದ ಡಬ್ಬಿ ಮುಚ್ಚಿ ಎದ್ದು ಬಂದು ಮೆಲ್ಲಗೆ ಹೇಳಿದ: "ಅಣ್ಣಾ, ನನಗೂ ಐತಿ. ಕಡ್ಲಿಕಾಳಿನಷ್ಟ."

ಭರಮಪ್ಪ ಅವನ ಕೈ ಹಿಡಿದು ಅದೇ ಮಧ್ಯಾಹ್ನ ಆಸ್ಪತ್ರೆಗೆ ಕರೆದೊಯ್ದರು. ಮರುವರ್ಷ ಅವರು ತೀರಿಕೊಂಡರು.

ಈ ಓಲೆ ನಿಮಗೆ ಮುಟ್ಟುತ್ತದೋ ಇಲ್ಲವೋ ತಿಳಿಯದು. ಮುಟ್ಟಿದರೆ, ಎಣ್ಣೆ ಹಿಡಿದ ಬಟ್ಟೆಯನ್ನು ದಿನವೂ ಬದಲಿಸಿ, ಸೋಪು ಹಚ್ಚಿ ಮೈ ತೊಳೆಯಿರಿ. ವಾಸಿಯಾಗದ ಗಂಟು ಎಲ್ಲೇ ಇರಲಿ, ಇವತ್ತೇ ತೋರಿಸಿ. ಪಾರಿಸನ ಗಂಟನ್ನು ಹೊತ್ತಿಗೆ ಸರಿಯಾಗಿ ತೆಗೆದರು. ಮೂರು ವರ್ಷದ ಮೇಲೆ ಅವನಿಗೊಬ್ಬ ಮಗಳು ಹುಟ್ಟಿದಳು. ನಾನು ಆ ಮಗಳ ವಂಶದವಳು.

ತ್ರಿಶಲಾ