ಎರಡು ಟ್ಯೂಬು ರಕ್ತ

ಮನೆಯಿಂದ,
ನವೆಂಬರ್ ೯, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ನಿನ್ನ ಹೆಂಡತಿ ಹೇಳಿದ ವ್ಯಾಯಾಮ ಬಿಡಬೇಡ, ಮೊದಲೇ ಸೋಮಾರಿ ನೀನು. ಫೋನು ಮಾಡಿದರೆ ಅಪ್ಪ ಕಿತ್ತುಕೊಳ್ಳುತ್ತಾರೆ, ಅದಕ್ಕೇ ಈ ಕಾಗದ.

ಮಾರ್ಚಿನಲ್ಲಿ ನಮ್ಮ ಲ್ಯಾಬಿಗೆ, ಶ್ವಾಸಕೋಶದ ಕ್ಯಾನ್ಸರನ್ನು ಶುರುವಿನಲ್ಲೇ ಪತ್ತೆಹಚ್ಚುವ ರಕ್ತಪರೀಕ್ಷೆ ಬಂತಲ್ಲ, ನಲವತ್ತು ವರ್ಷ ಸಿಗರೇಟು ಸುಟ್ಟ ಅಪ್ಪನನ್ನು ಕರೆದೆ. "ನಿಮ್ಮಮ್ಮ ಚುಚ್ಚಿಸ್ಕೊಂಡ್ರೆ ನಾನೂ ಚುಚ್ಚಿಸ್ಕೋತೀನಿ" ಅಂದರು. ಪಾಪ, ಅಮ್ಮ ಹೊಲಿಗೆ ಮಷಿನ್ನಿನಿಂದ ಎದ್ದು, ಸೀರೆಗೆ ದಾರದ ತುಣುಕು ಅಂಟಿಸಿಕೊಂಡೇ ಬಂದಳು. ಇಬ್ಬರ ರಕ್ತವನ್ನೂ ನಾನೇ ತೆಗೆದೆ, ಟ್ಯೂಬಿಗೆ ಹೆಸರೂ ನಾನೇ ಬರೆದೆ. ಅಪ್ಪನ ವರದಿಯಲ್ಲಿ ಏನೂ ಇರಲಿಲ್ಲ. ಅಮ್ಮನದರಲ್ಲಿ ಅನುಮಾನವಿತ್ತು. "ತಡಮಾಡದೆ ಸ್ಕ್ಯಾನ್ ಮಾಡಿಸಿ, ಇದ್ರೂ ಸಣ್ಣದಿರುತ್ತೆ, ತೆಗೆದುಬಿಡಬಹುದು" ಎಂದರು ಡಾಕ್ಟರು.

ಅಪ್ಪ ತಮ್ಮ ವರದಿಯನ್ನು ಜೇಬಿನಲ್ಲಿಟ್ಟುಕೊಂಡು ಕ್ಷೌರದಂಗಡಿಯವನವರೆಗೂ ತೋರಿಸಿಬಂದರು. "ಸೇದೋ ನನಗಿಲ್ಲ, ಸೇದದ ನಿನಗೆಲ್ಲಿಂದ ಬರುತ್ತೆ? ಯಾರದೋ ರಕ್ತಕ್ಕೆ ನಿನ್ನ ಹೆಸರು ಅಂಟಿಸಿದಾಳೆ ನಿನ್ನ ಮಗಳು" ಎಂದು ಅಮ್ಮನ ಮುಂದೆಯೇ ಹೊಗೆ ಬಿಟ್ಟರು. ಅಮ್ಮ ನಿನಗೆ ಫೋನು ಮಾಡಿದಳು. ನೀನು ವರದಿ ನೋಡಲಿಲ್ಲ, ನನ್ನನ್ನು ಕೇಳಲಿಲ್ಲ. "ಇಂಥ ಟೆಸ್ಟೆಲ್ಲ ತಪ್ಪು ತೋರಿಸ್ತವಮ್ಮ, ಅಕ್ಕನ ಗಡಿಬಿಡಿ ಗೊತ್ತಲ್ಲ" ಎಂದು ನಕ್ಕೆ. ಫೋನಿಟ್ಟಾಗ ಅಮ್ಮನ ಮುಖ ಎಷ್ಟು ಹಗುರವಾಗಿತ್ತು ಗೊತ್ತೇ! ಸ್ಕ್ಯಾನಿಗೆ ಬಾ, ಇಲ್ಲವೇ ಇನ್ನೊಮ್ಮೆ ರಕ್ತವಾದರೂ ಕೊಡು ಎಂದು ಬೇಡಿದೆ. ಸೆರಗಿನಡಿ ಕೈ ಮುಚ್ಚಿಕೊಂಡು, "ನಿನ್ನ ಕೈಗೆ ಇನ್ನು ತೋಳು ಕೊಡೋಲ್ಲಮ್ಮ" ಎಂದಳು. ಇಪ್ಪತ್ತೆರಡು ವರ್ಷದಿಂದ ಬೀದಿಯವರೆಲ್ಲ ನನಗೇ ತೋಳು ಚಾಚುತ್ತಾರೆ, ತಮ್ಮಾ.

ಆಮೇಲೆ ಅಮ್ಮನಿಗೆ ಕೆಮ್ಮು ಬಂತು. ಬಟ್ಟೆಯ ಧೂಳಿಗೆ ಎಂದರು ಅಪ್ಪ. ಹೋದ ವಾರ ಯಾರದೋ ಮಗುವಿನ ಬಿಳಿ ಅಂಗಿ ಹೊಲಿಯುತ್ತಿದ್ದಾಗ ಅದರ ಮೇಲೇ ರಕ್ತ ಕೆಮ್ಮಿದಳು. ಅಂಗಿಯನ್ನು ಬಚ್ಚಿಡಲು ಹೋದಳು. ನಾನು ಕೈ ಹಿಡಿದು ಎಳೆದುಕೊಂಡೇ ಹೋಗಿ ಸ್ಕ್ಯಾನ್ ಮಾಡಿಸಿದೆ. ಅಪ್ಪ ಬರಲಿಲ್ಲ.

ನಾನು ಕೇಳಿದೆನೆಂದು ನಿನ್ನ ಹೆಂಡತಿಗೆ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು, ಚೆನ್ನಾಗಿರು.

ಇಂತಿ,
ನಿನ್ನ ಅಕ್ಕ

ತಾ.ಕ.: ಹೇಳಬೇಕಾದ್ದನ್ನೇ ಬಿಟ್ಟೆ. ಸ್ಕ್ಯಾನ್ ವರದಿ ನಿನ್ನೆ ಬಂತು. ಯಕೃತ್ತಿಗೂ ಹರಡಿದೆ, ಇನ್ನು ಆಪರೇಷನ್ ಸಾಧ್ಯವಿಲ್ಲವಂತೆ. ಅಮ್ಮನಿಗೆ ಹೇಳಿದೆ. ನಂಬಲಿಲ್ಲ. "ಎಲ್ಲಿ, ನನ್ನ ಮಗ ಹೇಳ್ಲಿ" ಎಂದಳು. ಬಾ. ಫೋನಿನಲ್ಲಲ್ಲ, ಎದುರಿಗೆ ಕೂತು ನೀನೇ ಹೇಳು.