ಕಮ್ಮಿ ಕೂಗಿದವರ ಹರಾಜು

ಡಾಕ್ಟರ್ ಮೇಡಂ ಅವರಿಗೆ, ಬೈತಖೋಲದ ಆಶಾ ಕಾರ್ಯಕರ್ತೆ ಯೋಗಿತಾಳ ನಮಸ್ಕಾರ.

ಮೀನು ಮಾರುವ ಹೆಂಗಸರು ಬಿ.ಪಿ. ನೋಡಿಸಿಕೊಳ್ಳಲು ಬರುವುದಿಲ್ಲವೆಂದು ನನ್ನನ್ನು ಬೈದಿದ್ದಿರಲ್ಲ? ಈಗ ಬಂದರಿನಲ್ಲಿ ಬೋಟು ಕಾಯುತ್ತಲೇ ಸಾಲಾಗಿ ತೋಳು ಚಾಚುತ್ತಾರೆ. ಮೀನಿನ ಹರಾಜು ಕೂಗುವ ನಾಗಮ್ಮನೇ ಅಂಕಿಯನ್ನೂ ಕೂಗುತ್ತಾಳೆ: "ಸುಗಂಧಂದು ನೂರಾ ನಲ್ವತ್ತು! ಇದ್ಕಿಂತ ಕಮ್ಮಿ ಯಾರ್ದದೆ?" ಕಮ್ಮಿ ಇದ್ದವಳೇ ಗೆದ್ದಂತೆ. ಗೆಲ್ಲುವ ಹಟಕ್ಕೆ ಯಾರೂ ಗುಳಿಗೆ ತಪ್ಪಿಸುತ್ತಿಲ್ಲ. ಗಂಜಿಯ ಜೊತೆಗಿನ ಉಪ್ಪುಮೀನನ್ನೂ ಬಿಟ್ಟಿದ್ದಾರೆ.

ನಿನ್ನೆ ನಾಗಮ್ಮ, "ನಿಂದೂ ನೋಡ್ವ, ಕೂತ್ಕ" ಎಂದು ನನ್ನನ್ನೇ ಮಗುಚಿದ ಕ್ರೇಟಿನ ಮೇಲೆ ಕೂರಿಸಿದಳು. ನೂರಾ ಅರವತ್ತೆಂಟು! ಇಡೀ ಬಂದರು ನಕ್ಕಿತು. ನನ್ನ ಊಟದ ಡಬ್ಬಿಯ ಉಪ್ಪಿನಕಾಯಿ ಅಲ್ಲೇ ಜಪ್ತಿಯಾಯಿತು.

ಸೋಮವಾರದ ತಪಾಸಣೆಗೆ ದಯವಿಟ್ಟು ನನ್ನ ಹೆಸರನ್ನೂ ಬರೆದುಕೊಳ್ಳಿ. ಇವರನ್ನೆಲ್ಲ ಸೋಲಿಸಬೇಕು.

ಇಂತಿ,
ಯೋಗಿತಾ
(ಸದ್ಯಕ್ಕೆ ಕೊನೆಯ ಸ್ಥಾನ)