ವಾಲ್ಯೂಮ್ ಗುಂಡಿಗೆ ಬಿಟ್ಟ ಎಣ್ಣೆ

ಮಹಡಿ ಮನೆ,
ಮಾರ್ಚ್ ೧೨, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಬೆನ್ನು ನೋವು ಹೇಗಿದೆ? ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳದೆ ರಿಪೇರಿಗೆ ಅಂತ ಲಿಫ್ಟಿನ ಬುಡಕ್ಕೆ ಇಳಿಯುತ್ತೀಯಂತೆ, ನಿನ್ನ ಹೆಂಡತಿ ಫೋನಿನಲ್ಲಿ ಚಾಡಿ ಹೇಳಿದಳು. ಅವಳನ್ನು ಬೈಯಬೇಡ, ನಾನೇ ಕೆದಕಿ ಕೇಳಿದ್ದು. ಲೈಬ್ರರಿಯ ಧೂಳಿಗೆ ಸೀನುವುದೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಅಪ್ಪನ ಆರೋಗ್ಯವನ್ನು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಎಂಬತ್ತೊಂದಕ್ಕೆ ಇರಬೇಕಾದದ್ದಕ್ಕಿಂತ ಚೆನ್ನಾಗಿದ್ದಾರೆ. ಕಿವಿಯಂತೂ ಹಾವಿನಷ್ಟು ಚುರುಕು. ಪಕ್ಕದ ಮನೆಯಲ್ಲಿ ಚಮಚ ಬಿದ್ದರೂ ಯಾವ ಚಮಚ ಅಂತ ಕೇಳುತ್ತಾರೆ. ಅವರನ್ನು ಇಲ್ಲಿಗೆ ಕರೆತಂದು ನಾಲ್ಕು ತಿಂಗಳಾಯಿತು. ತಿಂಗಳಿಗೊಂದು ಭಾನುವಾರ ತಪ್ಪದೆ ಬರುತ್ತಿದ್ದ ನೀನು ಅಂದಿನಿಂದ ನನ್ನ ಮೆಟ್ಟಿಲು ಹತ್ತಿಲ್ಲ. ಕೆಲಸ ಜಾಸ್ತಿ ಅನ್ನುತ್ತೀಯ. ನಾಲ್ಕು ತಿಂಗಳು ಯಾವ ಊರಿನ ಲಿಫ್ಟೂ ಒಂದೇ ಸಮನೆ ಕೆಟ್ಟಿರುವುದಿಲ್ಲ ಕಣೋ.

ಅಪ್ಪನ ಜೊತೆ ಎರಡು ಟ್ರಂಕು, ಒಂದು ಹೊಲಿಗೆ ಮಿಷನ್ನು, ಮತ್ತೆ ಆ ಹಳೇ ಸ್ಟೀರಿಯೋ ರೇಡಿಯೋ ರಿಸೀವರು ಬಂದವು. ಬೆಳ್ಳಿ ಬಣ್ಣದ ಮುಖ, ಎರಡು ಪಕ್ಕಕ್ಕೂ ಮರದ ಹಲಗೆ, ಎತ್ತಿದರೆ ನನ್ನ ಮಣಿಕಟ್ಟು ಬಿದ್ದುಹೋಗುವ ಭಾರ. ಬೆಳಗ್ಗೆ ಹಲ್ಲುಸೆಟ್ಟು ಹಾಕಿಕೊಳ್ಳುವುದಕ್ಕೂ ಮೊದಲೇ ಅದನ್ನು ಹಾಕುತ್ತಾರೆ. ಅದರ ಕರಕರ ನಿನಗೆ ನೆನಪಿರಬೇಕು. ಇಪ್ಪತ್ತೇಳು ವರ್ಷಕ್ಕೆ ಅದು ಬಲಿತಿದೆ ಅಷ್ಟೆ. ಯಾರೋ ಬಾಯಿ ತೆರೆದುಕೊಂಡು ಹುರಿದ ಮೂಳೆ ಅಗಿದಂತೆ, ಅಗಿದು ಕಿವಿಯ ಪಕ್ಕದಲ್ಲೇ ಉಗಿದಂತೆ. ಭಾನುವಾರ ಬೆಳಗ್ಗೆ ರೇಡಿಯೋದಲ್ಲಿ ಪದ್ಯ ಓದುತ್ತಾರಲ್ಲ, ಅದೊಂದು ಅರ್ಧ ಗಂಟೆ ನನ್ನದು. ಪದ್ಯದಲ್ಲಿ ನನಗೆ ಬೇಕಾದದ್ದು ಸಾಲಿಗಿಂತ ಹೆಚ್ಚಾಗಿ ಸಾಲು ಮುಗಿದ ಮೇಲಿನ ಒಂದು ಉಸಿರು. ಈ ದರಿದ್ರ ಸರಿಯಾಗಿ ಅಲ್ಲೇ ಬಂದು ಅಗಿಯುತ್ತದೆ.

ಶಬ್ದವನ್ನಾದರೂ ಸಹಿಸಬಹುದಿತ್ತು. ಅದು ಕರಕರ ಅಂದಾಗಲೆಲ್ಲ ಅಪ್ಪ ಹೇಳುವ ಮಾತನ್ನು ಸಹಿಸಲಾಗಲಿಲ್ಲ. ರಕ್ತದೊತ್ತಡ ನೋಡಲು ಬರುವ ನರ್ಸಿಗೆ, ಗ್ಯಾಸಿನವನಿಗೆ, ವಿಳಾಸ ತಪ್ಪಿ ಬಾಗಿಲು ತಟ್ಟಿದ ಯಾರೋ ಹೆಂಗಸಿಗೆ ಕೂಡ ಹೇಳಿದ್ದಾರೆ. "ನನ್ನ ಮಗ ಕೆಡಿಸಿದ್ದು. ಚೆನ್ನಾಗಿತ್ತು, ಬಿಚ್ಚಿ ಕೆಡಿಸಿದ." ನರ್ಸು ಪಟ್ಟಿ ಬಿಗಿಯುತ್ತಾ ಪಾಪ ಅನ್ನುತ್ತಾಳೆ. ಪಾಪ ಯಾರು ಅಂತ ಅವಳೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಆಗೆಲ್ಲ ನನಗೆ ಆ ಭಾನುವಾರ ನೆನಪಾಗುತ್ತದೆ. ಬಲಗಡೆಯ ಸ್ಪೀಕರ್ ಒಂದು ವಾರದಿಂದ ಮೂಕಾಗಿತ್ತು. ಹತ್ತೊಂಬತ್ತರ ನೀನು ಅಪ್ಪನ ಟೈಲರ್ ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ರಿಸೀವರನ್ನು ಬಿಚ್ಚಿಕೊಂಡು ಕೂತೆ. ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆ ಹಾಡಿತು. ಸಂಜೆ ಅಪ್ಪ ಸದ್ದು ಹೆಚ್ಚಿಸಲು ಗುಂಡಿ ತಿರುಗಿಸಿದಾಗ ಮೊದಲ ಕರಕರ. ಪ್ಯಾಂಟಿನ ಅಳತೆ ಕೊಡಲು ಬಂದವರ ಎದುರಿಗೇ ಅಂದುಬಿಟ್ಟರು, "ನಿನ್ನ ಕೈ ಕೈಯಲ್ಲ. ಇನ್ನು ನನ್ನ ಮನೇಲಿ ಏನನ್ನೂ ಮುಟ್ಟಬೇಡ." ನೀನು ಆ ಮಾತನ್ನು ಅಕ್ಷರಶಃ ಪಾಲಿಸಿದೆ. ಅವತ್ತು ತಟ್ಟೆಯನ್ನೂ ಮುಟ್ಟಲಿಲ್ಲ. ವಾರದೊಳಗೆ ಮನೆಯನ್ನೇ ಬಿಟ್ಟೆ.

ಹೋದ ವಾರ ಸಾಕಾಗಿ ನಾನೇ ಪತ್ತೇದಾರಿಕೆಗೆ ಇಳಿದೆ. ಮೊದಲು ಆಂಟೆನಾ ವೈರು ಬದಲಾಯಿಸಿದೆ, ಕರಕರ ಹೋಗಲಿಲ್ಲ. ರೇಡಿಯೋ ಬಿಟ್ಟು ಕ್ಯಾಸೆಟ್ ಹಾಕಿದೆ, ಅದರಲ್ಲೂ ಅದೇ. ಸ್ಪೀಕರುಗಳ ತಂತಿಯನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೆ. ಎಡಗಡೆ ಹೆಚ್ಚಿದ್ದ ಕರಕರ ಬಲಗಡೆಗೆ ಹೋಯಿತು, ಅಂದರೆ ಸ್ಪೀಕರುಗಳು ನಿರಪರಾಧಿಗಳು. ಕೊನೆಗೆ ವಾಲ್ಯೂಮ್ ಗುಂಡಿಯನ್ನು ಮೆಲ್ಲಗೆ ತಿರುಗಿಸಿದೆ. ತಿರುಗಿಸಿದಷ್ಟೂ ಕರಕರ, ಕೈ ಬಿಟ್ಟರೆ ಕಡಿಮೆ. ಆಗ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹಳೇ ರೇಡಿಯೋ ರಿಪೇರಿ ಮಾಡುವವರನ್ನು ಹುಡುಕಿ ಮನೆಗೇ ಕರೆಸಿದೆ. ಕೆಲಸ ಮುಗಿಯುವ ತನಕ ಚಹಾ ಮುಟ್ಟದ ಮನುಷ್ಯ. ಬಣ್ಣದ ಕುಂಚದಿಂದ ಧೂಳು ಗುಡಿಸುತ್ತಾರೆ. ನಾನು ಪಕ್ಕದಲ್ಲೇ ಕೂತೆ. ಕೂರಬಾರದಿತ್ತು.

ಮುಚ್ಚಳ ತೆಗೆದಾಗ ಬಂದ ವಾಸನೆಗೆ ಸೆರಗು ಮೂಗಿಗೆ ಒತ್ತಿಕೊಂಡೆ. ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಅದರೊಳಗೆ ಜಿರಳೆಯ ಮೊಟ್ಟೆಚೀಲಗಳು, ಒಣಗಿದ ಕಾಲುಗಳು, ಅಂಗಡಿಯ ಬಣ್ಣಬಣ್ಣದ ನೂಲಿನ ಎಳೆಗಳು, ಯಾರದೋ ಉದ್ದ ಕೂದಲು. ವಾಲ್ಯೂಮ್ ಗುಂಡಿಯ ಬುಡದಲ್ಲಂತೂ ಕಪ್ಪು ಲೇಹ್ಯ, ಒಸರಿ ಕೆಳಗಿನ ಸರ್ಕ್ಯೂಟ್ ಹಲಗೆಗೂ ಇಳಿದಿತ್ತು. ಅವರು ಅದನ್ನು ಹತ್ತಿಯಲ್ಲಿ ಒರೆಸಿ, ಮೂಸಿ, ನನ್ನ ಮುಖ ನೋಡಿದರು. "ಮೇಡಂ, ಇದು ರೇಡಿಯೋನೋ, ಹೊಲಿಗೆ ಮಿಷನ್ನೋ?" ಗುಂಡಿಯೊಳಗೆ ಸಂಗೀತ ಕಾಗದದಷ್ಟು ತೆಳುವಾದ ಒಂದು ಮಸಿಯ ಪಟ್ಟಿಯ ಮೇಲೆ ನಡೆಯುತ್ತದಂತೆ. ಅದಕ್ಕೆ ಎಣ್ಣೆ ಕುಡಿಸಿದರೆ ಎರಡು ದಿನ ಸುಮ್ಮನಿದ್ದು, ಆಮೇಲೆ ಊರ ಧೂಳನ್ನೆಲ್ಲ ಕರೆದು ಅಂಟಿಸಿಕೊಳ್ಳುತ್ತದಂತೆ.

ನಿನಗೆ ನಗು ಬರುತ್ತಿರಬಹುದು. ನಮ್ಮ ಮನೆಯಲ್ಲಿ ಎಣ್ಣೆ ಕಾಣದ ವಸ್ತು ಯಾವುದಿತ್ತು ಹೇಳು. ಬೇರೆಯವರ ಜೇಬಿನಲ್ಲಿ ಪೆನ್ನು ಇದ್ದರೆ, ಅಪ್ಪನ ಜೇಬಿನಲ್ಲಿ ಉದ್ದ ಕೊಕ್ಕಿನ ಎಣ್ಣೆ ಡಬ್ಬಿ. ಬಾಗಿಲು, ಗಡಿಯಾರ, ಕೊಡೆ, ನನ್ನ ಸೈಕಲ್ಲು, ಕೊನೆಗೆ ಅಮ್ಮನ ಕನ್ನಡಕದ ಕಾಲು. ಕಿರ್ ಅಂದದ್ದಕ್ಕೆಲ್ಲ ಎರಡು ತೊಟ್ಟು. ಅವರನ್ನು ನೋಡಿ ನಾವೂ ಹಾಗೇ ಆದೆವು.

ರಿಪೇರಿಯವರು ಗುಂಡಿಯ ಒಳಭಾಗವನ್ನು ಬಿಡಿಸಿ, ಪದರ ಪದರವಾಗಿ ತೋರಿಸಿದರು. ಮೇಲಿನದು ಇನ್ನೂ ಹಸಿ. ನಡುವಿನದಕ್ಕೆ ತಲೆಗೆ ಹಚ್ಚುವ ಎಣ್ಣೆ ಕಮಟು ಹಿಡಿದ ವಾಸನೆ. ಅದು ಅಮ್ಮನ ಎಣ್ಣೆ. ಅಮ್ಮ ಹೋಗಿ ಆರು ವರ್ಷವಾದ ಮೇಲೆ ಅವಳ ವಾಸನೆ ಹೀಗೆ ಎದುರಾಯಿತು, ನನಗೆ ವಾಕರಿಕೆ ಬಂತು. ವಾಕರಿಕೆ ಬಂದದ್ದಕ್ಕೆ ಇನ್ನಷ್ಟು ಹೇಸಿಗೆಯಾಯಿತು. ತಳದ್ದು ಮಿಷನ್ ಎಣ್ಣೆ, ಹಳೆಯದು, ವಾರ್ನಿಷಿನಂತೆ ಗಟ್ಟಿಯಾಗಿತ್ತು. ಆಮೇಲೆ ಕೆಳಗಿನ ಹಲಗೆಯ ಮೇಲೆ ಒಂದು ಬೆಸುಗೆಯ ಹತ್ತಿರ ಬೆರಳಿಟ್ಟು ಕೇಳಿದರು, ಇದನ್ನು ಯಾರು ಮಾಡಿದ್ದು ಅಂತ. ನನ್ನ ತಮ್ಮ ಅಂದೆ. "ಒಳ್ಳೇ ಕೈ. ಇಷ್ಟು ಗಲೀಜಲ್ಲಿ ಇದೊಂದೇ ಶುದ್ಧವಾಗಿರೋದು. ನೋಡಿ, ಸುತ್ತಲೂ ಎಣ್ಣೆ ಒರೆಸಿದ ಗೀರು, ಬೆಸುಗೆ ಆ ಗೀರಿನ ಮೇಲೆ ಕೂತಿದೆ. ಒರೆಸ್ಕೊಂಡು ಬೆಸೆದಿದಾನೆ. ಅವನು ಬಿಚ್ಚೋಕ್ ಮುಂಚೆನೇ ಯಾರೋ ಎಣ್ಣೆ ಹಾಕಿದಾರೆ."

ಆ ಕಪ್ಪು ಹತ್ತಿಯನ್ನು ತೆಗೆದುಕೊಂಡು ಹೋಗಿ ಅಪ್ಪನ ಮೂಗಿನ ಕೆಳಗೆ ಹಿಡಿದೆ. ಮೂಸಿ, ಒಳ್ಳೇ ಎಣ್ಣೆ ಅಂದರು, ಹೆಮ್ಮೆಯಿಂದ. ರಿಪೇರಿಯವರು ಅಂದದ್ದನ್ನೆಲ್ಲ ಹೇಳಿದೆ. ತಾನು ಹಾಕಿದ್ದು ಕರಕರ ಶುರುವಾದ ಮೇಲೆ, ಅದೂ ಎಷ್ಟೋ ಸಲ, ಅದಕ್ಕೆ ಮೊದಲು ಮುಟ್ಟಿಯೇ ಇಲ್ಲ ಅಂದರು. ಹಾಗಾದರೆ ಮೊದಲು ಹಾಕಿದ್ದು ಯಾರು ಅಂತ ನನ್ನನ್ನೇ ಕೇಳಿದರು. ಅಮ್ಮ ಇರಬೇಕು ಅಂದೆ. "ಇರ್ಬೇಕು. ಅವಳಿಗೇನು ಗೊತ್ತಾಗ್ತಿತ್ತು. ಈಗ ಸರಿಯಾಯ್ತಲ್ಲ, ಬಿಡು," ಅಂದರು. ಇಪ್ಪತ್ತೇಳು ವರ್ಷಕ್ಕೆ ಒಂದು ಬಿಡು. ಆ ಕಪ್ಪು ಲೇಹ್ಯಕ್ಕಿಂತ ಅದು ಹೆಚ್ಚು ಅಸಹ್ಯವಾಗಿ ಕಂಡಿತು ನನಗೆ.

ರಿಸೀವರು ಈಗ ಕರಕರ ಅನ್ನುವುದಿಲ್ಲ. ಮೊನ್ನೆ ಭಾನುವಾರ ಪದ್ಯ ಕೇಳಿದೆ. ಸಾಲಿನ ನಂತರದ ಉಸಿರು ಸ್ವಚ್ಛವಾಗಿ ಕೇಳಿಸಿತು, ನನಗೆ ಅದರ ಎದುರು ಕೂರಲಾಗಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದೆ. ತಪ್ಪು ನಿನ್ನದಲ್ಲ ಎಂದು ಈಗ ಸಾಬೀತಾಗಿದೆ. ಸತ್ತವಳ ಮೇಲೆ ಯಾರಿಗೆ ಸಿಟ್ಟು? ಸಾಧ್ಯವಾದರೆ ಅಪ್ಪನನ್ನು ಕ್ಷಮಿಸು, ಒಂದು ಭಾನುವಾರ ಬಾ.

ನಿನ್ನ ಹೆಂಡತಿಗೆ ನನ್ನ ಪ್ರೀತಿ, ಮಗಳ ಪರೀಕ್ಷೆಗೆ ಅತ್ತೆಯ ಆಶೀರ್ವಾದ. ನಿನ್ನ ಬೆನ್ನು ನೆಟ್ಟಗಿರಲಿ, ಕೈ ಹೀಗೇ ಇರಲಿ.

ನಿನ್ನ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಲಕೋಟೆಗೆ ಅಂಟು ಹಚ್ಚಿ ಮತ್ತೆ ತೆರೆದಿದ್ದೇನೆ. ಮೊದಲು ಎಣ್ಣೆ ಹಾಕಿದ್ದು ಅಮ್ಮ ಅಲ್ಲ, ನಾನು. ನೀನು ಬಿಚ್ಚುವ ಹಿಂದಿನ ದಿನ, ಮೂಕಾದ ಸ್ಪೀಕರ್ ಎಣ್ಣೆಗೆ ಬಾಯಿ ಬಿಡಬಹುದು ಅಂದುಕೊಂಡು, ಗುಂಡಿ ಕಿತ್ತು ಸಂದಿಗೆ ಡಬ್ಬಿ ಒತ್ತಿದೆ. ಅಪ್ಪ ನಿನಗೆ ಆ ಮಾತು ಅಂದಾಗ ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಇಪ್ಪತ್ತೊಂದು ವಯಸ್ಸು, ಬಾಯಿ ಇತ್ತು. ಆಮೇಲೆ ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು ಅನ್ನುವುದು ಸುಳ್ಳು, ಹೇಳದಿರುವುದು ಸುಲಭವಾಯಿತು. ಈಗ ಎದ್ದು ಹೋಗಿ ಅಪ್ಪನಿಗೆ ಹೇಳಿ ಬಂದೆ. ಬೈಯಲಿಲ್ಲ. ಒಂದೇ ಮಾತು ಕೇಳಿದರು. "ಒರೆಸಿದ್ದಾನಲ್ಲ, ಅವನಿಗೆ ಎಣ್ಣೆ ಕಂಡಿರುತ್ತೆ. ನೀನೇ ಹಾಕಿದ್ದು ಅಂತ ಅವನಿಗೆ ಗೊತ್ತಿತ್ತಾ?" ಅದನ್ನು ನಿನ್ನ ಬಾಯಿಂದಲೇ ಕೇಳಬೇಕು. ಶನಿವಾರ ಮೊದಲ ಬಸ್ಸಿಗೆ ನಾನು ನಿಮ್ಮ ಮನೆಗೆ ಹೊರಟಿದ್ದೇನೆ, ತಾನೂ ಬರುತ್ತೇನೆ ಅನ್ನುತ್ತಿದ್ದಾರೆ. ಒಳಗೆ ಕರೆಯದಿದ್ದರೂ ಸರಿ, ಬಾಗಿಲಲ್ಲಿ ನಿಂತೇ ಹೇಳು. ಗೊತ್ತಿತ್ತಾ?